ಎದುರು ಮಾತಾಡುವ ಹುಡುಗಿಗೊಂದು ಶಿಫಾರಸು

ಮೊಮ್ಮಗಳು ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿಕೊಟ್ಟು ಹೋದ ಮೇಲೆ ನನಗೊಬ್ಬ ಹೊಸ ಗೆಳತಿ ಸಿಕ್ಕಿದ್ದಾಳೆ. ಅಕ್ಷರಗಳ ನೆತ್ತಿಯ ಮೇಲೆ ಮೂರು ಪದಗಳ ಒಂದು ಪಟ್ಟಿ ಬರುತ್ತದಲ್ಲ, ಅವಳೇ. ನಾನು ಒಂದು ಪದ ಬರೆದು ಬೆರಳೆತ್ತುವುದರೊಳಗೆ, ಮುಂದೆ ನಾನೇನು ಹೇಳಬೇಕೆಂಬುದನ್ನು ತಾನೇ ತೀರ್ಮಾನಿಸಿ, ಬೀಗರ ಮನೆಯಲ್ಲಿ ಬಡಿಸಲು ನಿಂತವರ ಹಾಗೆ ಮೂರು ಪದ ಹಿಡಿದುಕೊಂಡು ನಿಂತಿರುತ್ತಾಳೆ. ಬೇಡವೆಂದರೂ ಎಲೆಗೆ ಹಾಕಿಬಿಡುತ್ತಾಳೆ. ಮೊನ್ನೆ ಸುಮ್ಮನೆ ‘ಹುಡುಗಿ’ ಎಂದು ಬರೆದೆ, ನೋಡಿ. ತಕ್ಷಣ ಬಂದವು: ‘ಒಳ್ಳೆಯ’, ‘ಮದುವೆ’, ‘ಫೋಟೋ’. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ, ಅವೇ ಮೂರು. ಈ ಯಂತ್ರಕ್ಕೆ ಅಜ್ಜಂಪುರದ ಗಂಗಾಧರಯ್ಯನವರ ಪರಿಚಯ ಮಾಡಿಸಿದವರು ಯಾರು ಎಂದು ಒಬ್ಬಳೇ ಕೂತು ನಕ್ಕೆ.

ಗಂಗಾಧರಯ್ಯನವರು ನಿಮಗೆ ಗೊತ್ತಿರಲಿಕ್ಕಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ನಡುವೆ ಓಡಾಡುವ ಬಸ್ಸುಗಳಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಒಂದು ಖಾಕಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ ಮನುಷ್ಯ. ಚೀಲದೊಳಗೆ ಹುಡುಗಿಯರ ಫೋಟೋಗಳು. ನಮ್ಮ ಸೀಮೆಯ ಯಾವ ಹುಡುಗಿಯೂ ಮೊದಲು ಆ ಚೀಲದೊಳಕ್ಕೆ ಹೋಗದೆ ಊರಿನಿಂದ ಹೊರಕ್ಕೆ ಹೋದದ್ದಿಲ್ಲ. ನಾನು ಕಡೂರಿಗೆ ಸೊಸೆಯಾಗಿ ಬಂದದ್ದೂ ಅದರೊಳಗಿಂದಲೇ. ನನ್ನ ಬಗ್ಗೆ ಅವರು ಗಂಡಿನ ಮನೆಯಲ್ಲಿ ಕೊಟ್ಟಿದ್ದ ವರದಿ, ‘ಹುಡುಗಿ ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ, ಅಷ್ಟು ಮೌನ’ ಎಂದಂತೆ. ಆ ಮಾತನ್ನು ನಂಬಿದ ನಮ್ಮ ಯಜಮಾನರು ಬದುಕಿರುವವರೆಗೂ ಗಂಗಾಧರಯ್ಯನವರು ಎದುರಾದಾಗೆಲ್ಲ ಆಕಾಶ ನೋಡುತ್ತಿದ್ದರು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಒಬ್ಬ ಹುಡುಗಿಯನ್ನು ಮದುವೆಗಲ್ಲದೆ ಓದಿಗೆ, ಅದೂ ಸಮುದ್ರದಾಚೆಯ ಓದಿಗೆ ಕಳಿಸುವ ಭಾರ ಒಮ್ಮೆ ನಮ್ಮ ಮೂರು ಊರುಗಳ ಮೇಲೆ ಬಿತ್ತು. ನಮಗೆ ಗೊತ್ತಿದ್ದದ್ದು ಒಂದೇ ದಾರಿ. ಅದರಲ್ಲೇ ಕಳಿಸಹೊರಟೆವು.

ಹುಡುಗಿಯ ಹೆಸರು ಶಿವಗಾಮಿ. ಸಿಲೋನಿನವಳು. ಎಂಬತ್ತರ ದಶಕದ ನಡುವಿನ ಮಾತು. ಅಲ್ಲಿನ ಗಲಭೆಯಲ್ಲಿ ಅವಳ ಮನೆ ಸುಟ್ಟಿತ್ತು, ಓದುತ್ತಿದ್ದ ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದಿತ್ತು, ಕಲಿಸುತ್ತಿದ್ದ ಗುರುಗಳು ದಿಕ್ಕಿಗೊಬ್ಬರಾಗಿ ಹೋಗಿದ್ದರು. ದೋಣಿಯಲ್ಲಿ ಈ ದಡಕ್ಕೆ ಬಂದವಳಿಗೆ ಕಡೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗಾರ್ಡೊಬ್ಬರ ಹೆಂಡತಿ ದೂರದ ನೆಂಟಳು. ಆ ನೆಂಟಳ ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲವಾಗಿ, ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಹಣೆಯ ಮೇಲೆ ವಿಭೂತಿ ಇತ್ತು. ಅದನ್ನು ಕಂಡದ್ದೇ ನಮ್ಮ ಬೀದಿಯೆಲ್ಲ ‘ನಮ್ಮೋಳೇ ಬಿಡಿ’ ಎಂದು ಸಮಾಧಾನದ ಉಸಿರು ಬಿಟ್ಟಿತು. ವಿಭೂತಿ ಇಲ್ಲದಿದ್ದರೆ ಅವಳ ಮನೆ ಸುಟ್ಟದ್ದು ನಮ್ಮ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಸುಟ್ಟಂತಾಗುತ್ತಿತ್ತೋ ಏನೋ.

ಅವಳು ಓದುತ್ತಿದ್ದದ್ದು ಹುಳುಗಳ ವಿಷಯ. ತೆಂಗಿನ ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುವ ಕಪ್ಪು ತಲೆ ಹುಳು ಇದೆಯಲ್ಲ, ಅದು ಅಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಹುಳುವಿಗೆ ಪಾಸ್‌ಪೋರ್ಟು ಬೇಡ. ಆ ಹುಳುವನ್ನು ಕುಟುಕಿ ಅದರ ಬೆನ್ನ ಮೇಲೆಯೇ ಮೊಟ್ಟೆಯಿಡುವ, ಇರುವೆಗಿಂತ ಚಿಕ್ಕದಾದ ಒಂದು ಕಣಜವೂ ಇದೆ. ಮೊಟ್ಟೆಯೊಡೆದು ಬಂದ ಮರಿಗಳು ಹುಳುವನ್ನೇ ಊಟ ಮಾಡಿ ಬೆಳೆಯುತ್ತವೆ. ಶಿವಗಾಮಿಯ ಸಂಶೋಧನೆಯೆಲ್ಲ ಆ ಕಣಜದ ಮೇಲೆ. ಬಂದ ವಾರದೊಳಗೆ ನಮ್ಮ ಮನೆಯ ಹಳೆಯ ಲಾಂದ್ರದ ಗಾಜುಗಳನ್ನೆಲ್ಲ ಕೇಳಿ ತೆಗೆದುಕೊಂಡು, ಬಾಯಿಗೆ ತೆಳುಬಟ್ಟೆ ಕಟ್ಟಿ, ಒಳಗೆ ಗರಿಯ ತುಂಡು, ಹುಳು, ಕಣಜ ಬಿಟ್ಟು ಸಂಸಾರ ಹೂಡಿಯೇಬಿಟ್ಟಳು.

ಊರಿನವರು ಅವಳನ್ನು ನೋಡಲು ಬಂದರು. ನಿರಾಶ್ರಿತೆ ಎಂದರೆ ಹೇಗಿರಬೇಕೆಂದು ನಮಗೆ ಖಚಿತವಾದ ಕಲ್ಪನೆಯಿತ್ತು: ತಲೆ ಬಾಚಿರಬಾರದು, ಊಟ ಸೇರಬಾರದು, ಮಾತಾಡಿಸಿದರೆ ಕಣ್ಣು ತುಂಬಿಕೊಳ್ಳಬೇಕು. ಬಾಳೆಹಣ್ಣು, ಹಳೆಯ ಸೀರೆ ಹಿಡಿದು ಬಂದ ಹೆಂಗಸರು ಕೋಣೆಯ ಬಾಗಿಲಲ್ಲಿ ನಿಂತು, ದುಃಖದ ಮುಖವನ್ನು ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಇವಳೋ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು, ಬಂದವರ ಕೈಗೊಂದು ಭೂತಗನ್ನಡಿ ಕೊಟ್ಟು, ‘ನೋಡಿ ಅಕ್ಕಾ, ಇದು ಹೆಣ್ಣು ಕಣಜ, ಇದು ಗಂಡು, ಗಂಡಿಗೆ ಕುಟುಕಲು ಬರುವುದಿಲ್ಲ’ ಎಂದು ತಮಿಳು ಬೆರೆತ ಕನ್ನಡದಲ್ಲಿ ಪಾಠ ಹೇಳುತ್ತಿದ್ದಳು. ಎರಡು ಹನಿ ಕಣ್ಣೀರನ್ನಾದರೂ ಕೊಟ್ಟಿದ್ದರೆ ನಮ್ಮ ಬಾಳೆಹಣ್ಣಿಗೊಂದು ಘನತೆ ಬರುತ್ತಿತ್ತು. ಅದನ್ನೂ ಕೊಡದೆ ಹಣ್ಣು ತಿಂದುಬಿಟ್ಟಳು ಎಂದು ಬೀದಿಯಲ್ಲಿ ಅಸಮಾಧಾನವಾಯಿತು.

ನಾನೂ ಬಿಡಲಿಲ್ಲ, ಸುಳ್ಳೇಕೆ. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ, ‘ಅಷ್ಟೊಂದು ಕಳ್ಕೊಂಡಿದೀಯ, ಯಾವುದು ಜಾಸ್ತಿ ನೆನಪಾಗ್ತದೆ?’ ಎಂದು ಕೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು: ‘ಲ್ಯಾಬಿನಲ್ಲಿ ನನ್ನ ಕಣಜಗಳಿದ್ದವು ಅಕ್ಕಾ. ದಿನಾ ಕಾಗದದ ಮೇಲೆ ಒಂದು ಗೆರೆ ಜೇನುತುಪ್ಪ ಎಳೆದು ಒಳಗಿಡಬೇಕು. ಆ ದಿನ ಬೀಗ ಹಾಕಿದರು. ಒಳಗೆ ಹೋಗಿ ಜೇನು ಇಟ್ಟು ಬರ್ತೀನಿ ಅಂದೆ, ಬಿಡಲಿಲ್ಲ.’ ಅಂದಿನಿಂದ ನಮ್ಮ ಅಡಿಗೆಮನೆಯ ಜೇನಿನ ಬಾಟಲಿ ಅವಳ ಕೋಣೆಗೆ ಹೋಯಿತು.

ವಿದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ಕಣಜದ ಕೆಲಸ ಮಾಡುವ ಪ್ರೊಫೆಸರೊಬ್ಬರಿದ್ದರು. ಶಿವಗಾಮಿ ಅವರಿಗೆ ಬರೆದಿದ್ದಳು. ಓದಿನ ನೆಲೆ ಕಳೆದುಕೊಂಡವರಿಗಾಗಿ ತಮ್ಮಲ್ಲಿ ಒಂದು ಸೀಟೂ ವಿದ್ಯಾರ್ಥಿವೇತನವೂ ಇದೆ, ನಿನ್ನ ಹಳೆಯ ಗುರುಗಳು ಸಿಗದಿದ್ದರೆ ನಿನ್ನನ್ನು ಬಲ್ಲವರು ಯಾರಾದರೂ ನಿನ್ನ ಬಗ್ಗೆ ಬರೆಯಲಿ ಎಂದು ಅವರ ಉತ್ತರ ಬಂತು. ಅಲ್ಲಿ ತರಗತಿ ಶುರುವಾಗುವುದರೊಳಗೆ ಸೀಟು ಖಾತರಿಯಾಗಬೇಕು. ಇಲ್ಲದಿದ್ದರೆ ಕಡೂರಿನಲ್ಲಿರಲು ಸರ್ಕಾರ ಅವಳಿಗೆ ಕೊಟ್ಟಿದ್ದ ಅನುಮತಿಯೂ ಅಷ್ಟರಲ್ಲೇ ಮುಗಿದು, ನಿರಾಶ್ರಿತರ ಶಿಬಿರಕ್ಕೆ ಹೋಗಬೇಕು. ಶಿಬಿರದಲ್ಲಿ ಗಂಜಿ ಸಿಗುತ್ತದೆ, ಚಾಪೆ ಸಿಗುತ್ತದೆ. ಲಾಂದ್ರದ ಗಾಜು ಇಟ್ಟುಕೊಳ್ಳಲು ಬಿಡುವುದಿಲ್ಲ.

ಸುದ್ದಿ ಕೇಳಿದ್ದೇ ನಮ್ಮವರು ಮಾಡಿದ ಮೊದಲ ಕೆಲಸವೆಂದರೆ ಸಮಿತಿ ರಚಿಸಿದ್ದು. ಬಾವಿಗೆ ಬಿದ್ದವರನ್ನು ಕಂಡರೂ ನಾವು ಹಗ್ಗಕ್ಕಿಂತ ಮೊದಲು ಅಧ್ಯಕ್ಷರನ್ನು ಹುಡುಕುವ ಜನ. ‘ಸ್ಥಾನಪಲ್ಲಟಗೊಂಡ ವಿದ್ಯಾರ್ಥಿಗಳ ವಿದೇಶ ವ್ಯಾಸಂಗ ನೆರವು ಸಮಿತಿ’ ಎಂದು ಹೆಸರಿಟ್ಟು ಬಟ್ಟೆಯ ಮೇಲೆ ಬರೆಸಿದರೆ ಅದು ಸಭೆ ಸೇರಿದ ಗೋಡೆಗಿಂತ ಉದ್ದವಾಯಿತು. ‘ನೆರವು ಸಮಿತಿ’ ಎಂಬಷ್ಟನ್ನು ಮೂಲೆಯಲ್ಲಿ ಮಡಿಸಿ ಪಕ್ಕದ ಗೋಡೆಗೆ ಹೊಡೆದರು. ಅಧ್ಯಕ್ಷರು ಕಡೂರಿನ ಬಸವರಾಜಪ್ಪ: ಕೊಬ್ಬರಿ ಮಂಡಿಯ ಯಜಮಾನರು, ಮಂಡಿಯ ಪಕ್ಕದಲ್ಲೇ ತೆಂಗಿಗೆ ಹೊಡೆಯುವ ಔಷಧಿಯ ಅಂಗಡಿಯೂ ಅವರದೇ. ಇಂಗ್ಲೀಷು ಬರೆಯುವುದಕ್ಕೆ ತರೀಕೆರೆಯ ನಿವೃತ್ತ ಅಮಲ್ದಾರ್ ರಂಗಸ್ವಾಮಯ್ಯ. ಹುಡುಗಿಯರನ್ನು ಹೊರಗೆ ಕಳಿಸಿದ ಅನುಭವಕ್ಕೆ ಅಜ್ಜಂಪುರದ ಗಂಗಾಧರಯ್ಯ. ಮಹಿಳಾ ಸಮಾಜದ ಕಡೆಯಿಂದ ಕಾರ್ಯದರ್ಶಿಯಾಗಿ ನಾನು. ಎಂದರೆ ಕಾಫಿ ನನ್ನ ಖಾತೆ.

ಗಂಗಾಧರಯ್ಯನವರು ಮೊದಲ ಸಭೆಯಲ್ಲೇ ಕೆಲಸವನ್ನು ಕೈಗೆತ್ತಿಕೊಂಡರು. ‘ಮೊದ್ಲು ಫೋಟೋ. ಪೂರ್ತಿ ನಿಂತಿರೋದು. ಎತ್ತರ ಗೊತ್ತಾಗ್ಬೇಕು’ ಎಂದರು. ಶಿವಗಾಮಿಯನ್ನು ತರೀಕೆರೆಯ ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಹಿಂದುಗಡೆ ಜಲಪಾತ ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮೈಮೇಲೆ ನನ್ನ ದೊಡ್ಡಂಚಿನ ಸೀರೆ. ಅವಳು ಒಂದು ಲಾಂದ್ರದ ಗಾಜನ್ನು ಕೈಯಲ್ಲಿ ಹಿಡಿದುಕೊಳ್ಳುತ್ತೇನೆಂದಳು. ‘ಕೈಲಿ ಹುಳ ಹಿಡ್ಕೊಂಡಿರೋ ಹೆಣ್ಣನ್ನ ಯಾರಮ್ಮಾ ಒಪ್ತಾರೆ?’ ಎಂದು ಗಂಗಾಧರಯ್ಯ ಅದನ್ನು ಕಿತ್ತುಕೊಂಡು ಅವಳ ಕೈಯನ್ನು ಹೂಕುಂಡದ ಮೇಲಿಟ್ಟರು.

ಅಮಲ್ದಾರರದು ಇನ್ನೊಂದು ಬಗೆ. ಜೀವಮಾನವೆಲ್ಲ ಜಮೀನಿನ ಖಾತೆ ಬರೆದ ಕೈ ಅದು. ಮನುಷ್ಯರನ್ನು ಕೊಟ್ಟರೂ ನಾಲ್ಕು ದಿಕ್ಕಿನ ಗಡಿ ಗುರುತಿಸದೆ ಬರೆಯದು. ತಂದೆ ಇಂಥವರು, ಸೋದರಮಾವ ಇಂಥವರು, ಪೂರ್ವಕ್ಕೆ ಸಮುದ್ರ ಎಂದು ಶುರುಮಾಡಿ, ಸದರಿ ಹುಡುಗಿಯ ಮೇಲೆ ಯಾವ ತಂಟೆ ತಕರಾರೂ ಇರುವುದಿಲ್ಲ ಎಂದು ಮುಗಿಸಿದರು. ಆಮೇಲೆ ಶಿಫಾರಸುಗಳು. ನಮ್ಮಲ್ಲಿ ಶಿಫಾರಸು ಬರೆಯುವವರಿಗೆ ಇರಬೇಕಾದ ಒಂದೇ ಅರ್ಹತೆ ದೊಡ್ಡವರಾಗಿರುವುದು; ಹುಡುಗಿಯನ್ನು ನೋಡಿರಬೇಕೆಂಬುದು ಎಲ್ಲಿಯೂ ಇಲ್ಲ. ಶಾಸಕರದ್ದು ಬಂತು, ಮಠದಿಂದ ಆಶೀರ್ವಾದ ಬಂತು, ಸಿನಿಮಾ ಟೆಂಟಿನ ಮಾಲೀಕರು ಕೇಳದೆಯೇ ಒಂದು ಕಳಿಸಿದರು. ಎಲ್ಲರೂ ಒಂದೇ ಮಾತು ಬರೆದಿದ್ದರು, ಯಾಕೆಂದರೆ ಎಲ್ಲರಿಗೂ ಗಂಗಾಧರಯ್ಯನವರೇ ಹೇಳಿ ಬರೆಸಿದ್ದು: ಹುಡುಗಿ ಸುಸಂಸ್ಕೃತ ಮನೆತನದವಳು, ತಲೆಯೆತ್ತಿ ಮಾತಾಡುವವಳಲ್ಲ, ಹಿರಿಯರಿಗೆ ಎದುರಾಡಿ ಗೊತ್ತಿಲ್ಲ, ಹೇಳಿದ್ದಕ್ಕೆ ಹೂಂ ಎನ್ನುವವಳು.

ಶಿವಗಾಮಿ ಅದನ್ನೆಲ್ಲ ಓದಿದಳು. ‘ಅಕ್ಕಾ, ಇದರಲ್ಲಿ ನಾನಿಲ್ಲವಲ್ಲ’ ಎಂದಳು.

‘ಸುಮ್ನಿರಮ್ಮಾ’ ಎಂದರು ಗಂಗಾಧರಯ್ಯ. ‘ನಾನು ಕಳಿಸಿದ ಯಾವ ಹೆಣ್ಣೂ ಅದರೊಳಗೆ ಇರ್ಲಿಲ್ಲ. ಎಲ್ರೂ ಚೆನ್ನಾಗೇ ಅವ್ರೆ.’

ಕಟ್ಟು ರಿಜಿಸ್ಟರ್ ಪೋಸ್ಟಿನಲ್ಲಿ ಹೊರಟಿತು. ಮಂಗಳವಾರ ಬೇಡವೆಂದು ಒಂದು ದಿನ ತಡೆದು ಬುಧವಾರ ಹಾಕಿದೆವು.

ಇಲ್ಲೊಂದು ಕ್ಷಣ ನಿಂತು ಯೋಚಿಸಿ. ಒಬ್ಬರನ್ನು ಹೊಗಳಬೇಕೆಂದಾಗ ನಾವು ಅವರಿಂದ ಒಂದೊಂದೇ ಗುಣವನ್ನು ತೆಗೆದುಹಾಕುತ್ತಾ ಹೋಗುತ್ತೇವೆ: ಸಿಟ್ಟಿಲ್ಲ, ಹಟವಿಲ್ಲ, ಆಸೆಯಿಲ್ಲ, ಬಾಯಿಲ್ಲ. ಎಲ್ಲ ತೆಗೆದ ಮೇಲೆ ಉಳಿದದ್ದನ್ನು ಬಂಗಾರ ಎಂದು ಕರೆಯುತ್ತೇವೆ. ನನ್ನ ಓರಗೆಯ ಎಷ್ಟೋ ಬಂಗಾರಗಳು ಬೀರುವಿನಲ್ಲೇ ಇದ್ದು ಬೀರುವಿನಲ್ಲೇ ಮುಗಿದವು. ನಾನು ಸ್ವಲ್ಪ ಕಲಬೆರಕೆಯಾದ್ದರಿಂದ ಉಳಿದುಕೊಂಡು ಈಗ ಫೋನು ಕುಟ್ಟುತ್ತಿದ್ದೇನೆ.

ಉತ್ತರಕ್ಕೆ ಕಾಯುವ ದಿನಗಳಲ್ಲಿ ಶಿವಗಾಮಿ ಸುಮ್ಮನೆ ಕೂರಲಿಲ್ಲ. ದೇವನೂರು ದಾರಿಯಲ್ಲಿ ಬಸವರಾಜಪ್ಪನವರದೊಂದು ತೆಂಗಿನ ತೋಟವಿತ್ತು. ಅದರಲ್ಲಿ ಅರ್ಧಕ್ಕೆ ಮಾತ್ರ ಔಷಧಿ ಹೊಡೆಸಿ, ಇನ್ನರ್ಧವನ್ನು ತನಗೆ ಬಿಡಿ ಎಂದು ಕೇಳಿದಳು. ಅಧ್ಯಕ್ಷಗಿರಿಯ ಹೊಸ ಹುರುಪಿನಲ್ಲಿದ್ದ ಅವರು ‘ತಗೋ ತಾಯಿ, ನಿಂದೇ ತೋಟ ಅನ್ಕೋ’ ಎಂದುಬಿಟ್ಟರು. ಅವಳು ನಿಜವಾಗಿಯೂ ಹಾಗೆಯೇ ಅಂದುಕೊಂಡಳು. ನನ್ನ ಹಳೆಯ ಕೆಂಪು ಸೀರೆ ಹರಿದು ಔಷಧಿ ಬಿದ್ದ ಮರಗಳಿಗೆ ಕಟ್ಟಿದಳು, ಹಳೆಯ ಬಿಳಿ ಪಂಚೆ ಹರಿದು ಉಳಿದವಕ್ಕೆ ಕಟ್ಟಿದಳು. ಆ ಕಡೆ ಕಣಜ ಬಿಟ್ಟಳು. ಬೆಳಗಿನ ಬಸ್ಸಿಗೆ ಹೋಗಿ, ಮರ ಹತ್ತುವವನಿಂದ ಗರಿ ಇಳಿಸಿಕೊಂಡು, ಒಂದೊಂದನ್ನೂ ಮಗುಚಿ ಹುಳು ಎಣಿಸಿಕೊಂಡು, ಸಂಜೆಯ ಬಸ್ಸಿಗೆ ಬರುತ್ತಿದ್ದಳು.

ಕೊಬ್ಬರಿ ಹರಾಜಿನ ದಿನ ಸುತ್ತಲ ರೈತರೆಲ್ಲ ಮಂಡಿಯಲ್ಲಿ ಸೇರಿದ್ದರು. ನಾನೂ ಶಿವಗಾಮಿಯೂ ಅನುಮತಿಯ ಗಡುವಿನ ವಿಚಾರ ಮಾತಾಡಲು ಹೋಗಿದ್ದೆವು. ಬಸವರಾಜಪ್ಪನವರು ಮಾಡಬಾರದ ಒಂದು ಕೆಲಸ ಮಾಡಿದರು. ಅವಳನ್ನು ಮುಂದಕ್ಕೆ ಕರೆದು, ‘ನೋಡ್ರಪ್ಪಾ, ಸಿಲೋನಿಂದ ಬಂದಿರೋ ಸೈಂಟಿಸ್ಟು. ಹೇಳಮ್ಮಾ, ನಮ್ಮ ಔಷ್ದಿ ಹೆಂಗೆ ಕೆಲ್ಸ ಮಾಡ್ತು ಅಂತ ನೀನೇ ಹೇಳು’ ಎಂದರು.

ಅವಳು ಹೇಳಿದಳು. ‘ಹುಳು ಸತ್ತಿತು ಸಾರ್. ಹುಳು ತಿನ್ನುವ ಕಣಜವೂ ಸತ್ತಿತು. ಹುಳು ವಾಪಸ್ ಬಂತು, ಕಣಜ ಬರಲಿಲ್ಲ. ಕೆಂಪು ಬಟ್ಟೆಯ ಮರಗಳಲ್ಲಿ ಈಗ ಮೊದಲಿಗಿಂತ ಜಾಸ್ತಿ ಹುಳು ಇದೆ.’

ತಕ್ಕಡಿಯ ಮೇಲಿದ್ದ ಮೂಟೆ ತಕ್ಕಡಿಯ ಮೇಲೆಯೇ ಉಳಿಯಿತು. ಬಸವರಾಜಪ್ಪನವರು ನಕ್ಕರು. ‘ನಿಂಗೆ ಎಣಿಸಕ್ಕೆ ಬರಲ್ಲ ಬಿಡು.’

‘ಹಾಗಾದರೆ ನೀವೇ ಎಣಿಸಿ’ ಎಂದು ಅವಳು ತನ್ನ ಚೀಲದಿಂದ ಕೆಂಪು ಬಟ್ಟೆಯ ಮರದ ಗರಿಯ ತುಂಡನ್ನೂ ಬಿಳಿ ಬಟ್ಟೆಯ ಮರದ ಗರಿಯ ತುಂಡನ್ನೂ ತೆಗೆದು, ಭೂತಗನ್ನಡಿಯ ಸಮೇತ ಅಧ್ಯಕ್ಷರ ಕೈಗೆ ಕೊಟ್ಟಳು. ಇಷ್ಟು ಜನರ ಎದುರಿಗೆ ಬೇಡವೆನ್ನುವುದು ಹೇಗೆ? ಅವರು ಬೆಂಚಿನ ಮೇಲೆ ಕೂತು ಎಣಿಸಿದರು. ತುಟಿ ಅಲ್ಲಾಡುತ್ತಿತ್ತು. ಬಿಳಿ ಬಟ್ಟೆಯದನ್ನು ಮುಗಿಸಿ, ಕೆಂಪು ಬಟ್ಟೆಯದು ಅರ್ಧವಾಗುವಷ್ಟರಲ್ಲಿ ತುಟಿ ನಿಂತಿತು. ಭೂತಗನ್ನಡಿಯನ್ನು ಬೆಂಚಿನ ಮೇಲಿಟ್ಟು, ‘ಕಾಫಿ ತರಿಸ್ರೋ’ ಎಂದು ಎದ್ದುಹೋದರು. ಅಂದಿನಿಂದ ಅವರು ಸಮಿತಿಯ ಕಡೆ ತಲೆ ಹಾಕಲಿಲ್ಲ.

ಪ್ರೊಫೆಸರರ ಉತ್ತರ ಬಂದದ್ದು ಆಮೇಲೆ. ಅಧ್ಯಕ್ಷರ ಕುರ್ಚಿ ಖಾಲಿಯಿದ್ದ ಸಭೆಯಲ್ಲಿ ಅಮಲ್ದಾರರು ಓದಿ ಕನ್ನಡದಲ್ಲಿ ಹೇಳಿದರು. ಕಳಿಸಿದ ಫೋಟೋಗೂ ಇಷ್ಟು ಮಂದಿ ಗಣ್ಯರ ಮಾತಿಗೂ ವಂದನೆಗಳು. ಆದರೆ ಇವರಲ್ಲಿ ಯಾರೂ ಈಕೆಯ ಕೆಲಸವನ್ನು ನೋಡಿದಂತಿಲ್ಲ. ಎಲ್ಲರೂ ಈಕೆ ಯಾರಿಗೂ ಎದುರು ಹೇಳುವವಳಲ್ಲ ಎಂದಿದ್ದಾರೆ. ಸಂಶೋಧನೆಗೆ ಅದೊಂದು ಕೊರತೆ. ಯಾರ ಮಾತನ್ನಾದರೂ ಈಕೆ ಒಪ್ಪದೆ, ಕಾರಣ ತೋರಿಸಿ ವಾದಿಸಿದ್ದುಂಟೇ? ಅಂಥವರಿದ್ದರೆ ಅವರೇ ಬರೆಯಲಿ. ಬೇಗ ಬರೆಯಲಿ, ಸೀಟನ್ನು ಹೆಚ್ಚು ದಿನ ಹಿಡಿದಿಡಲಾಗದು.

ಗಂಗಾಧರಯ್ಯನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ಹೆಣ್ಣು ಜಗಳಗಂಟಿನಾ ಅಂತ ಕೇಳಿದೋರನ್ನ ಬೇಕಾದಷ್ಟು ನೋಡಿದೀನಿ. ಜಗಳಗಂಟಿನೇ ಬೇಕು ಅಂತ ಕೇಳ್ದೋರು ಇವ್ರೇ ಮೊದ್ಲು ಕಣ್ರೀ. ಇಂಥಾ ಮನೆಗೆ ಹೆಣ್ಣು ಕೊಡಬಾರ್ದು.’

‘ಅದು ಮನೆಯಲ್ಲ, ಯೂನಿವರ್ಸಿಟಿ’ ಎಂದೆ.

‘ಯಾವ್ದಾದ್ರೇನು? ಒಂದು ಹೆಣ್ಮಗು ಎದುರು ಮಾತಾಡ್ತದೆ ಅಂತ ನನ್ನ ಕೈಯಾರೆ ಬರ್ಕೊಡಲ್ಲ. ನಾಳೆ ಊರ ಹೆಸ್ರು ಏನಾಗ್ಬೇಕು?’

ನಾನೇ ಬರೆಯೋಣವೆಂದರೆ, ನನ್ನ ಜೊತೆ ಅವಳು ವಾದಿಸಿದ್ದು ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕೆಂಬ ಒಂದೇ ವಿಷಯದಲ್ಲಿ, ಅದರಲ್ಲೂ ನಾನೇ ಗೆದ್ದಿದ್ದೆ. ಕೆಲಸದ ವಿಷಯದಲ್ಲಿ ಅವಳು ಕಾರಣ ತೋರಿಸಿ ಎದುರು ಹೇಳಿದ್ದು, ಕೈಗೆ ಭೂತಗನ್ನಡಿ ಕೊಟ್ಟು ತೋರಿಸಿದ್ದು ಒಬ್ಬರಿಗೇ. ಅವರೋ, ಯಾರಾದರೂ ಅವಳ ಹೆಸರೆತ್ತಿದರೆ ಅಂಗಡಿಯ ಒಳಕೋಣೆಗೆ ಹೋಗುತ್ತಿದ್ದರು. ಆ ರಾತ್ರಿ ಶಿವಗಾಮಿ ಊಟಕ್ಕೆ ಕೂತು, ತಟ್ಟೆಯಲ್ಲಿ ಅನ್ನವನ್ನು ಸರಿಸುತ್ತಾ, ‘ಶಿಬಿರಕ್ಕೆ ಹೋದರೆ ಜೇನು ಇಡುವುದನ್ನು ನೀವು ನೋಡಿಕೊಳ್ಳುತ್ತೀರಾ ಅಕ್ಕಾ?’ ಎಂದಳು. ಊರಿನವರು ಕಾದಿದ್ದ ಕಣ್ಣೀರು ಆಗ ಬಂತು. ನೋಡಲು ನಾನೊಬ್ಬಳೇ ಇದ್ದೆ.

ಮರುದಿನ ಬೆಳಿಗ್ಗೆ ಬಸವರಾಜಪ್ಪನವರ ಅಂಗಡಿಗೆ ಹೋದೆ. ಇವರಿಂದ ಹೊಗಳಿ ಬರೆಸಲು ಸಾಧ್ಯವಿಲ್ಲ, ತೆಗಳಿ ಬರೆಸಬಹುದಲ್ಲ ಎಂದು ರಾತ್ರಿಯೆಲ್ಲ ಹೊಸೆದ ಉಪಾಯ. ಔಷಧಿ ಡಬ್ಬಗಳ ನಡುವೆ ಕೂತಿದ್ದ ಅವರೆದುರು ಸೆರಗು ಹೊದ್ದು ನಿಂತು, ಸಾಧ್ಯವಾದಷ್ಟು ಸಪ್ಪೆ ಮುಖದಿಂದ, ‘ಅಣ್ಣಾ, ಸಖರಾಯಪಟ್ಟಣದ ಬಸ್ಸಿನಲ್ಲೂ ಅದೇ ಮಾತು, ಹುಡುಗಿ ನಿಮ್ಮನ್ನ ಸೋಲಿಸಿದ್ಲು ಅಂತ’ ಎಂದೆ.

‘ಯಾವೋನು ಅಂದೋನು?’

‘ಯಾರೋ. ಹೋಗ್ಲಿ ಬಿಡಿ, ಚಿಕ್ಕವಳು. ಆ ಪ್ರೊಫೆಸರಿಗೆಲ್ಲ ಅವಳ ಮೇಲೆ ದೂರು ಬರೀಬೇಡಿ ಅಂತ ಕೇಳ್ಕೊಳಕ್ಕೇ ಬಂದೆ.’

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೇಜು ಗುದ್ದಿದರು. ‘ಬರೀತೀನಿ. ಯಾಕೆ ಬರೀಬಾರ್ದು? ಇಂಥೋಳನ್ನ ಸೇರಿಸ್ಕಬೇಡಿ ಅಂತ್ಲೇ ಬರೀತೀನಿ. ಅಮಲ್ದಾರ್ರಿಗೆ ಹೇಳಿ ಕಳ್ಸಿ.’

ಅಮಲ್ದಾರರು ತರೀಕೆರೆಯಿಂದ ಮಧ್ಯಾಹ್ನದ ಬಸ್ಸಿಗೆ ಬಂದರು. ಬಸವರಾಜಪ್ಪನವರು ಕೈ ಹಿಂದೆ ಕಟ್ಟಿಕೊಂಡು ಡಬ್ಬಗಳ ಸಾಲಿನ ಮುಂದೆ ಓಡಾಡುತ್ತಾ ಕನ್ನಡದಲ್ಲಿ ಹೇಳಿದರು, ಅವರು ಇಂಗ್ಲೀಷಿನಲ್ಲಿ ಇಳಿಸಿಕೊಂಡರು. ಈ ಹುಡುಗಿ ನನ್ನ ತೋಟದಲ್ಲಿ ನನಗಿಂತ ಹೆಚ್ಚು ಹೊತ್ತು ಇದ್ದಳು. ಬಿಸಿಲು ಮಳೆ ನೋಡಲಿಲ್ಲ. ಔಷಧಿ ಬಿದ್ದ ಮರ ಯಾವುದು ಬೀಳದ ಮರ ಯಾವುದು ಎಂದು ಬಟ್ಟೆ ಕಟ್ಟಿ, ಎರಡರ ಗರಿಯನ್ನೂ ಒಂದೇ ಎತ್ತರದಿಂದ ಇಳಿಸಿ ಎಣಿಸಿದಳು. ಒಂದು ಸಲ ಎಣಿಸಿದ್ದು ಸಾಲದೆಂದು ಮತ್ತೆ ಎಣಿಸಿದಳು. ಊರಿಗೆಲ್ಲ ಔಷಧಿ ಮಾರುವ ನನ್ನೆದುರೇ ಔಷಧಿಯಿಂದ ಹುಳು ಹೆಚ್ಚಿತು ಎಂದಳು. ನಾನು ಒಪ್ಪದಿದ್ದಾಗ ಅಧ್ಯಕ್ಷನೆಂಬುದನ್ನೂ ನೋಡದೆ ನನ್ನ ಕೈಯಿಂದಲೇ ಹುಳು ಲೆಕ್ಕ ಮಾಡಿಸಿದಳು. ಬಿಳಿ ಬಟ್ಟೆಯ ಗರಿಯಲ್ಲಿ ಇಷ್ಟಿತ್ತು, ಕೆಂಪು ಬಟ್ಟೆಯದರಲ್ಲಿ ಅರ್ಧಕ್ಕೇ ಇಷ್ಟಿತ್ತು. ತಾನೇ ಕಣ್ಣಾರೆ ನೋಡುವ ತನಕ ಯಾರು ಹೇಳಿದರೂ ನಂಬುವ ಜಾತಿಯಲ್ಲ. ಇಂಥ ಹಟಮಾರಿಯನ್ನು ಸೇರಿಸಿಕೊಂಡರೆ ನಾಳೆ ನಿಮಗೂ ಇದೇ ಗತಿ.

ಅಮಲ್ದಾರರ ಮುಖದಲ್ಲಿ ಒಂದು ನರವೂ ಅಲ್ಲಾಡಲಿಲ್ಲ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಅಳುವವಳಂತೆ ಕಾಣಿಸಲು ಪ್ರಯತ್ನಪಟ್ಟೆ. ಅಂಚೆಗೆ ನಾನೇ ಹಾಕಿ ಬಂದೆ. ಆ ಸಲ ವಾರ ತಿಥಿ ನೋಡಲಿಲ್ಲ, ಮಂಗಳವಾರವೇ ಇತ್ತೇನೋ.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೆಂದು ಕೇಳಬೇಡಿ. ಪೋಸ್ಟ್‌ಮ್ಯಾನನ ಸೈಕಲ್ ಬೆಲ್ಲು ಕೇಳಿದರೆ ನಾನು ಒಗ್ಗರಣೆ ಸೀಯಿಸುತ್ತಿದ್ದೆ. ಶಿವಗಾಮಿ ಮಾತ್ರ ಎಂದಿನಂತೆ ಬೆಳಗಿನ ಬಸ್ಸಿಗೆ ದೇವನೂರು ದಾರಿಯ ತೋಟಕ್ಕೆ ಹೋಗಿ ಬರುತ್ತಿದ್ದಳು. ವಿಚಿತ್ರ ನೋಡಿ, ತೋಟದೊಳಕ್ಕೆ ಬರಬೇಡವೆಂದು ಬಸವರಾಜಪ್ಪನವರು ಒಂದು ದಿನವೂ ಹೇಳಿಕಳಿಸಲಿಲ್ಲ. ಅದು ಯಾಕೆ ಎಂದು ಯೋಚಿಸುವಷ್ಟು ಬುದ್ಧಿ ನನಗಾಗ ಇರಲಿಲ್ಲ. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಳ್ಳುವುದರಲ್ಲಿ ಮುಳುಗಿದ್ದೆ.

ಅನುಮತಿಯ ಗಡುವು ಕೈಯಳತೆಯಲ್ಲಿರುವಾಗ ಸೀಟು ಬಂತು. ವಿದ್ಯಾರ್ಥಿವೇತನವೂ ಬಂತು. ಜೊತೆಗೆ ಕಡೂರಿನ ಅಧ್ಯಕ್ಷರಿಗೆ ಪ್ರತ್ಯೇಕವಾಗಿ ಪ್ರೊಫೆಸರರ ವಂದನೆ: ಈ ವರ್ಷ ನಮಗೆ ಬಂದ ಶಿಫಾರಸುಗಳಲ್ಲೆಲ್ಲ ನಿಮ್ಮದೇ ಹೆಚ್ಚು ಉಪಯುಕ್ತವಾಯಿತು ಎಂದು. ಬಸವರಾಜಪ್ಪನವರು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ, ಔಷಧಿ ಡಬ್ಬಗಳ ನೆತ್ತಿಯ ಮೇಲೆ ತೂಗುಹಾಕಿದರು. ಇಂಗ್ಲೀಷು ಬಾರದ ರೈತರು ಅದನ್ನು ಔಷಧಿಗೆ ಬಂದ ಪ್ರಶಸ್ತಿ ಎಂದುಕೊಂಡರು. ಅಲ್ಲವೆಂದು ಅವರು ಯಾರಿಗೂ ಹೇಳಲಿಲ್ಲ. ಖಾಲಿಯಿದ್ದ ಕುರ್ಚಿಗೂ ಮರಳಿ ಬಂದರು. ಬೀಳ್ಕೊಡುಗೆ ಎಂದರೆ ಹಾರ ಇರುತ್ತದಲ್ಲ.

ಬೀಳ್ಕೊಡುಗೆ ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಸಮಿತಿಯ ಉದ್ದನೆಯ ಬಟ್ಟೆಯನ್ನು ಕಡೆಗೂ ಮಡಿಸದೆ ಕಟ್ಟುವಷ್ಟು ಜಾಗ ಸಿಕ್ಕಿದ್ದು ಅಲ್ಲಿಯೇ. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ಭಾಷಣ, ನನ್ನಿಂದ ವಂದನಾರ್ಪಣೆ ಎಂದು ಕಾರ್ಯಕ್ರಮ ಗೊತ್ತಾಗಿತ್ತು. ರೈಲು ಅಲ್ಲಿ ನಿಲ್ಲುವುದು ಎಷ್ಟು ಹೊತ್ತೆಂದು ಯಾರೂ ವಿಚಾರಿಸಿರಲಿಲ್ಲ. ರೈಲು ಬರುವ ಮೊದಲೇ ಹೆಂಗಸರು ಶಿವಗಾಮಿಯ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ಗಂಗಾಧರಯ್ಯನವರು ಅಭ್ಯಾಸಬಲದಿಂದ ಕಣ್ಣೊರೆಸಿಕೊಂಡು, ‘ಹೋದ ಮನೆಗೆ ಹೊಂದ್ಕೊಂಡು ಬಾಳಮ್ಮಾ’ ಎಂದರು.

ರೈಲು ಬಂತು. ಪೆಟ್ಟಿಗೆ ಒಳಗಿಟ್ಟು ಬಾಗಿಲಲ್ಲಿ ನಿಂತ ಶಿವಗಾಮಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಏನೋ ಹೇಳುವುದಿದೆ, ಹೇಳದೆ ಹೋಗಲಾರಳು. ದೂರಿನ ವಿಷಯ ಬಾಯಿ ಬಿಡಬೇಡವೆಂದು ಹಿಂದಿನ ದಿನವಷ್ಟೇ ಅವಳಿಂದ ಮಾತು ತೆಗೆದುಕೊಂಡಿದ್ದೆ. ತಲೆಯಾಡಿಸಿ ಸನ್ನೆ ಮಾಡಿದೆ. ಅವಳು ಬಾಗಿ, ಹಾರ ಹಿಡಿದು ನಿಂತಿದ್ದ ಬಸವರಾಜಪ್ಪನವರಿಗೆ ಹೇಳಿಯೇಬಿಟ್ಟಳು: ‘ಸಾರ್, ನಿಮಗೆ ಸುಳ್ಳು ಹೇಳಿ ಹೋಗಲು ನನಗಾಗುವುದಿಲ್ಲ. ನಾನು ಎದುರು ಮಾತಾಡಿದ್ದು ಅವರಿಗೆ ಬೇಕಿತ್ತು. ನಿಮ್ಮ ದೂರಿನಿಂದಲೇ ಸೀಟು ಸಿಕ್ಕಿತು.’

ನಾನು ಕಣ್ಣು ಮುಚ್ಚಿಕೊಂಡೆ.

‘ಗೊತ್ತು ಕಣಮ್ಮ’ ಎಂಬ ಮಾತು ಕೇಳಿಸಿತು. ತಗ್ಗಿದ ದನಿ. ‘ಆ ಸಾಹೇಬ್ರ ಕಾಗ್ದ ಬಂದ ದಿನಾನೇ ಅಮಲ್ದಾರ್ರು ಅಂಗ್ಡಿಗೆ ಬಂದು ಓದಿ ಹೇಳಿದ್ರು. ಹೆಂಗೆ ಬರೀಲಿ ಅಂತ ಒದ್ದಾಡ್ತಾ ಕೂತಿದ್ದೆ, ಅಷ್ಟ್ರಲ್ಲಿ ಈ ನಮ್ಮ ಕಾರ್ಯದರ್ಶಿ ಸಪ್ಪೆ ಮುಖ ಹಾಕ್ಕೊಂಡು ಬಂದು ದಾರಿ ತೋರ್ಸಿದ್ಲು. ದೂರು ಅಂತ ಬರೆದ್ರೆ ನಂದೂ ಉಳೀತು, ನಿಂದೂ ನಡೀತು.’ ನಾನು ಕಣ್ಣು ಬಿಟ್ಟೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಅವಳ ಕೊರಳಿಗೆ ಹಾರ ಹಾಕಿದರು. ‘ನೀನು ಎಣಿಸಿದ್ದು ಸರಿ ಇತ್ತು. ಆದ್ರೆ ಮೆಲ್ಲಗೆ ಮಾತಾಡು ತಾಯಿ. ಗೋಡೌನಲ್ಲಿ ಇನ್ನೂ ಅರ್ಧ ಔಷ್ದಿ ಉಳ್ದದೆ.’

ಗಾರ್ಡು ಹಸಿರು ಬಾವುಟ ಬೀಸಿದರು. ರೈಲು ಅಲುಗಿತು. ಶಿವಗಾಮಿಯ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಉಳಿದ ಅರ್ಧ ಔಷಧಿಯ ಯೋಚನೆ ಬಂತೆಂದು ತೋರುತ್ತದೆ. ಬಾಗಿಲ ಸರಳು ಹಿಡಿದು, ಅರ್ಧ ಮೈ ಹೊರಗೆ ಚಾಚಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸುವಂತೆ ಕೂಗಿದಳು: ‘ಆ ಔಷ್ದಿ ತಗೋಬೇಡಿ ಕಣ್ರಪ್ಪಾ, ಹುಳ ಜಾಸ್ತಿ ಆಯ್ತದೆ.’

ಹಾರ, ಹಣ್ಣು ಹಿಡಿದು ನಿಂತಿದ್ದ ರೈತರೆಲ್ಲ ಬಸವರಾಜಪ್ಪನವರ ಕಡೆ ತಿರುಗಿದರು. ಅವರು ಹೋಗುತ್ತಿರುವ ರೈಲಿಗೆ ಕೈ ಬೀಸುತ್ತಲೇ ಇದ್ದರು.

‘ಏನಂದ್ಲು ಯಜಮಾನ್ರೇ?’ ಎಂದ ಒಬ್ಬ.

‘ತಮಿಳು ಕಣಪ್ಪಾ’ ಎಂದರು ಅವರು. ‘ನಮಗೆಲ್ಲಿ ಅರ್ಥ ಆಯ್ತದೆ?’

ಅವಳು ಕೂಗಿದ್ದು ನಮ್ಮ ಅಡಿಗೆಮನೆಯಲ್ಲಿ ಕಲಿತ ಅಪ್ಪಟ ಕಡೂರಿನ ಕನ್ನಡದಲ್ಲಿ. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲರೂ ಹೌದೌದೆಂದು ತಲೆಯಾಡಿಸಿದರು.